ಮಗ ಯಾವ ಬ್ರಾಂಚಿನಲ್ಲಿದ್ದಾನೆ?

ನಿಮ್ಮ ಮನೆ ಹುಡುಗನನ್ನು ಯಾರೋ ಕಾರಿಗೆ ಹತ್ತಿಸಿಕೊಂಡು ಹೋದರು ಅಂದುಕೊಳ್ಳಿ. ಒಂದು ಆಫೀಸಿಗೆ ಓಡುತ್ತೀರಿ. "ನಮ್ಮಲ್ಲಿಲ್ಲ, ಪಕ್ಕದವರನ್ನು ಕೇಳಿ" ಅಂತಾರೆ. ಪಕ್ಕದವರೂ ಅದನ್ನೇ ಹೇಳುತ್ತಾರೆ. ಅಸಾದ್ ಕುಟುಂಬ ಆಳಿದ ಸಿರಿಯಾದಲ್ಲಿ ಎಷ್ಟೋ ತಾಯಂದಿರು ಹೀಗೆ ವರ್ಷಗಟ್ಟಲೆ ಅಲೆದರು.

ಅಲ್ಲಿ ದೊಡ್ಡ ಗುಪ್ತಚರ ಸಂಸ್ಥೆಗಳೇ ನಾಲ್ಕು. ಮಿಲಿಟರಿಯದ್ದೊಂದು, ವಾಯುಪಡೆಯದ್ದೊಂದು, ಜನರಲ್ ಇಂಟೆಲಿಜೆನ್ಸ್, ಪೊಲಿಟಿಕಲ್ ಸೆಕ್ಯುರಿಟಿ. ಜನ ಎಲ್ಲವನ್ನೂ ಸೇರಿಸಿ ಮುಖಾಬರಾತ್ ಅನ್ನುತ್ತಿದ್ದರು, ಅದೂ ಪಿಸುಮಾತಿನಲ್ಲಿ. ನಾಲ್ಕಕ್ಕೂ ತಮ್ಮದೇ ಬ್ರಾಂಚು, ತಮ್ಮದೇ ಲಾಕಪ್ಪು. ವಾಯುಪಡೆಯ ಗುಪ್ತಚರರು ವಿಮಾನ ಬಿಟ್ಟು ಬೀದಿಯ ಹುಡುಗರನ್ನು ಹಿಡಿಯುತ್ತಿದ್ದರು.

ಒಂದೇ ಕೆಲಸಕ್ಕೆ ನಾಲ್ಕು ಜನ ಯಾಕೆ? ದೇಶದ ಭದ್ರತೆಗೆ ಅಂದರೆ ನಾನು ಒಪ್ಪುವುದಿಲ್ಲ. 1949ರ ಒಂದೇ ವರ್ಷದಲ್ಲಿ ಅಲ್ಲಿ ಸೇನೆಯವರು ಮೂರು ಸಲ ಸರ್ಕಾರ ಉರುಳಿಸಿದ್ದರು. 1970ರಲ್ಲಿ ಹಾಫೆಜ್ ಅಸಾದ್ ಕುರ್ಚಿ ಹಿಡಿದದ್ದೂ ಅದೇ ದಾರಿಯಲ್ಲಿ. ಅವನೇ ವಾಯುಪಡೆಯಿಂದ ಬಂದವನು. ತಾನು ಹತ್ತಿದ ಏಣಿಯನ್ನು ಇನ್ನೊಬ್ಬ ಹತ್ತಬಾರದು ಅಲ್ವಾ? ಅದಕ್ಕೇ ಒಬ್ಬರ ಮೇಲೆ ಇನ್ನೊಬ್ಬರ ಕಣ್ಣು. ಯಾರ ಕೈಯೂ ಜಾಸ್ತಿ ಉದ್ದವಾಗದಂತೆ ನೋಡಿಕೊಂಡ. ಕೊನೆಯ ಮಾತು ಮಾತ್ರ ಅಧ್ಯಕ್ಷನದೇ.

ಈ ಗೊಂದಲ ಸುಮ್ನೆ ಆದದ್ದಲ್ಲ. ಅದು ಹೊರಗೆ ನಿಂತ ತಾಯಿಗೆ ಮಾತ್ರ ಇತ್ತು. ಒಳಗೆ ಲೆಕ್ಕ ಪಕ್ಕಾ ಇತ್ತು. ಸೀಸರ್ ಎಂಬ ಗುಪ್ತನಾಮದ ಮಿಲಿಟರಿ ಪೊಲೀಸ್ ಫೋಟೋಗ್ರಾಫರ್ 2013ರಲ್ಲಿ ದೇಶ ಬಿಟ್ಟಾಗ ಅವನ ಜೊತೆ 50 ಸಾವಿರಕ್ಕೂ ಹೆಚ್ಚು ಫೋಟೋ ಹೊರಬಂದವು. ಸಾವಿರಾರು ಫೋಟೋಗಳಲ್ಲಿ ಲಾಕಪ್ಪಿನಲ್ಲಿ ಸತ್ತವರು. ಎಲುಬು ಕಾಣುವ ಮೈ. ಮೈಮೇಲೋ ಚೀಟಿಯಲ್ಲೋ ಬರೆದ ನಂಬರುಗಳು. ಒಂದು ಬಂದಿಯದ್ದು, ಇನ್ನೊಂದು ಅವನನ್ನು ಇಟ್ಟುಕೊಂಡಿದ್ದ ಬ್ರಾಂಚಿನದು. 215 ಅನ್ನುವ ನಂಬರು ಮತ್ತೆ ಮತ್ತೆ ಬರುತ್ತದೆ. ದಮಾಸ್ಕಸ್ಸಿನ ಮಿಲಿಟರಿ ಇಂಟೆಲಿಜೆನ್ಸ್ ಬ್ರಾಂಚು ಅದು. ಹೆಣದ ಮೇಲೆ ಬರೆಯಲು ಗೊತ್ತಿದ್ದ ವಿಳಾಸ, ಅಮ್ಮ ಕೇಳಿದಾಗ ಯಾರಿಗೂ ಗೊತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲಿ.

2024ರ ಡಿಸೆಂಬರ್ 8ಕ್ಕೆ ಹಾಫೆಜ್ ಮಗ, ಆಗಿನ ಅಧ್ಯಕ್ಷ ಬಶರ್ ಅಸಾದ್ ಮಾಸ್ಕೋಗೆ ಓಡಿಹೋದ. ಬ್ರಾಂಚುಗಳ ಬಾಗಿಲು ತೆರೆದುಕೊಂಡವು. ಜನ ಸೈದ್ನಾಯಾ ಜೈಲಿಗೆ ನುಗ್ಗಿದರು. ನೆಲದ ಮೇಲೆ ಚೆಲ್ಲಿದ್ದ ಕಾಗದಗಳನ್ನು ಒಂದೊಂದಾಗಿ ಎತ್ತಿ, ಮೊಬೈಲ್ ಬೆಳಕು ಹಿಡಿದು, ತಮ್ಮವರ ಹೆಸರು ಹುಡುಕುತ್ತಾ ಕೂತರು.