ಮಾಡು ಸೋರಿದಾಗ ಯಾರಿಗೆ ಫೋನ್ ಮಾಡುವುದು?

ಕೇಳುಗರಿಗೆ ನಮಸ್ಕಾರ. ಒಂದೇ ವಿಷಯದ ಸಣ್ಣ ಪಟ್ಟಿಯನ್ನು ಜಾಲತಾಣ ಮಾಡಿ ಸ್ವಲ್ಪ ಆದಾಯ ಪಡೆಯುವುದು ಹೇಗೆ ಎಂದು ಇವತ್ತು ನನ್ನ ಅನುಭವದಿಂದ ಹೇಳುತ್ತೇನೆ.

ನನ್ನ ತವರುಮನೆ ಕಟಪಾಡಿಯಲ್ಲಿ. ಹಳೆಯ ಹಂಚಿನ ಮನೆ. ನಾಲ್ಕು ವರ್ಷದ ಹಿಂದೆ, ಜೂನ್ ತಿಂಗಳ ಒಂದು ರಾತ್ರಿ ದೇವರ ಕೋಣೆಯ ಮೇಲಿನ ಮಾಡು, ಅಂದರೆ ಛಾವಣಿ, ಸೋರಲು ಶುರುವಾಯಿತು. ಅಮ್ಮ ಬಾಲ್ದಿ, ಪಾತ್ರೆ ಇಟ್ಟುಕೊಂಡು ಬೆಳಗಿನವರೆಗೆ ಕೂತಿದ್ದರು. ನಾನಿರುವುದು ಮಂಗಳೂರಿನಲ್ಲಿ. ಬೆಳಿಗ್ಗೆ ಅವರ ಫೋನ್ ಬಂತು. "ಮಾಡಿನ ಕೆಲಸಕ್ಕೆ ಬರುತ್ತಿದ್ದವರಿಗೆ ಈಗ ಪ್ರಾಯ ಆಯಿತು, ಹತ್ತಲಿಕ್ಕೆ ಆಗುವುದಿಲ್ಲ ಅಂತೆ. ಬೇರೆ ಯಾರಾದರೂ ಸಿಗ್ತಾರಾ ನೋಡು" ಎಂದರು.

ನಾನು ಮೊಬೈಲ್ ತೆಗೆದು ಹುಡುಕಿದೆ. ಒಂದು ಕಡೆ ಉದ್ದದ ಪಟ್ಟಿ ಸಿಕ್ಕಿತು. ಮೊದಲ ನಂಬರು ಬೆಂಗಳೂರಿನ ಯಾವುದೋ ಶೀಟಿನ ಅಂಗಡಿಯದ್ದು. ಎರಡನೆಯದು ಸ್ವಿಚ್ ಆಫ್. ಮೂರನೆಯದನ್ನು ಒಬ್ಬರು ಹೆಂಗಸು ಎತ್ತಿದರು. "ಅವರು ತೀರಿಕೊಂಡು ಎರಡು ವರ್ಷ ಆಯ್ತು ಮಗಾ" ಎಂದರು. "ಮಳೆಗಾಲ ಬಂದರೆ ಸಾಕು, ಫೋನ್ ಬರ್ತಾನೇ ಇರ್ತದೆ. ಇದನ್ನು ಅಲ್ಲಿಂದ ತೆಗೆಸ್ಲಿಕ್ಕೆ ಆಗ್ತದಾ?"

ನಾನು ಆ ಜಾಲತಾಣದವರಿಗೆ ಎರಡು ಸಲ ಬರೆದೆ. ಉತ್ತರ ಬರಲಿಲ್ಲ.

ಕೊನೆಗೆ ನಮ್ಮ ಮನೆಗೆ ಜನ ಸಿಕ್ಕಿದ್ದು ಹಾಲು ಡೈರಿಯ ಹತ್ತಿರ ನಿಂತವರನ್ನು ಕೇಳಿ. ಅವರು ಬಂದು ಒಡೆದ ಹಂಚು ಬದಲಿಸಿದರು. ಎರಡು ಪಕ್ಕಾಸಿಗೆ, ಅಂದರೆ ಮಾಡು ಹೊರುವ ಓರೆ ಮರಗಳಿಗೆ, ಗೆದ್ದಲು ಹಿಡಿದಿದೆ ಎಂದು ತೋರಿಸಿಕೊಟ್ಟರು. ಹೋಗುವಾಗ ಅವರ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವರಿಗೆ ಗೊತ್ತಿದ್ದ ಇನ್ನಿಬ್ಬರ ನಂಬರನ್ನೂ ಕೇಳಿ ಪಡೆದೆ. ಮಳೆಗಾಲ ಮುಗಿಯುವಾಗ ಆ ಪುಸ್ತಕದಲ್ಲಿ 11 ಹೆಸರು ಇದ್ದವು. ಇವತ್ತು ನನಗೆ ಸ್ವಲ್ಪ ಆದಾಯ ತರುವ ಜಾಲತಾಣ ಹುಟ್ಟಿದ್ದು ಆ ನೋಟ್‌ಬುಕ್ಕಿನಿಂದ. ಮಂಗಳೂರಿನಿಂದ ಬ್ರಹ್ಮಾವರದವರೆಗೆ ಹಂಚಿನ ಮಾಡಿನ ಕೆಲಸ ಗೊತ್ತಿರುವವರು, ಹಳೆ ಹಂಚು ಮಾರುವವರು, ಪಕ್ಕಾಸು, ಹಂಚು ಕೂರಿಸುವ ರೀಪಿನ ಮರ ಕೊಡುವವರು. ಇಷ್ಟೇ ಅದರಲ್ಲಿರುವುದು. ಬೇರೆ ಯಾವುದೂ ಇಲ್ಲ.

ಇಂಥದ್ದನ್ನು ಡೈರೆಕ್ಟರಿ ಎನ್ನುತ್ತಾರೆ. ಇದು ಹೊಸ ವಿಷಯವೇನೂ ಅಲ್ಲ. ಟೆಲಿಫೋನ್ ಬಂದ ಹೊಸದರಲ್ಲಿ, 1878ರಲ್ಲಿ, ಅಮೆರಿಕದ ನ್ಯೂ ಹೇವನ್ ಎಂಬ ಊರಿನಲ್ಲಿ ಮೊದಲ ಡೈರೆಕ್ಟರಿ ಬಂತು. ಒಂದೇ ಒಂದು ರಟ್ಟಿನ ಹಾಳೆ, ಅದರಲ್ಲಿ 50 ಹೆಸರು. ಯಾಹೂ ಕೂಡ 1994ರಲ್ಲಿ ಶುರುವಾದದ್ದು ಹೀಗೇ. ಜೆರ್ರಿ ಯಾಂಗ್, ಡೇವಿಡ್ ಫೈಲೋ ಎಂಬ ಇಬ್ಬರು ವಿದ್ಯಾರ್ಥಿಗಳು ತಮಗೆ ಇಷ್ಟವಾದ ಜಾಲತಾಣಗಳ ಪಟ್ಟಿ ಮಾಡಿಟ್ಟರು. ಆ ಪಟ್ಟಿ ಬೆಳೆದು ದೊಡ್ಡ ಕಂಪನಿಯಾಯಿತು. ಆದರೆ ಯಾಹೂ ತನ್ನ ಡೈರೆಕ್ಟರಿಯನ್ನು 2014ರಲ್ಲಿ ಮುಚ್ಚಿಬಿಟ್ಟಿತು. ಅಷ್ಟು ಹೊತ್ತಿಗೆ ಜನ ಪಟ್ಟಿ ನೋಡುವುದನ್ನು ಬಿಟ್ಟು ಸೀದಾ ಹುಡುಕಲು ಶುರು ಮಾಡಿದ್ದರು. ಇಡೀ ಲೋಕದ ಪಟ್ಟಿಯನ್ನು ಕೈಯಿಂದ ಮಾಡಿ ಮುಗಿಸಲು ಯಾರಿಂದಲೂ ಆಗುವುದಿಲ್ಲ. ಆದರೆ ನೇತ್ರಾವತಿಯಿಂದ ಬ್ರಹ್ಮಾವರದವರೆಗೆ ಹಂಚು ಹೊದೆಸುವವರ ಪಟ್ಟಿ ಮಾಡಲು ಆಗುತ್ತದೆ. ಒಬ್ಬರೇ ಕೂತು ಮಾಡಬಹುದು. ದೊಡ್ಡ ಕಂಪನಿಗೆ ಇಷ್ಟು ಸಣ್ಣದರ ಹಿಂದೆ ಬೀಳಲು ಪುರುಸೊತ್ತಿಲ್ಲ. ನಮ್ಮಂಥವರಿಗೆ ಇಲ್ಲಿ ಜಾಗ ಇರುವುದು ಅದಕ್ಕೇ.

ಹಾಗಾದರೆ ಯಾವ ವಿಷಯ ಆರಿಸಿಕೊಳ್ಳುವುದು? ತುಂಬಾ ಜನ ನನ್ನನ್ನು ಕೇಳುವ ಪ್ರಶ್ನೆ ಇದು. ಹಾಲಿನವರ ನಂಬರನ್ನು ಯಾರೂ ಹುಡುಕುವುದಿಲ್ಲ, ಅಲ್ವಾ? ದಿನಾ ಬೇಕಾದವರ ನಂಬರು ಎಲ್ಲರ ಹತ್ತಿರ ಇದ್ದೇ ಇರುತ್ತದೆ. ಹುಡುಕಬೇಕಾಗಿ ಬರುವುದು ಅಪರೂಪಕ್ಕೆ ಬೇಕಾಗುವವರನ್ನು. ಬಾವಿಗೆ ರಿಂಗ್ ಇಳಿಸುವವರು. ಯಕ್ಷಗಾನದ ವೇಷಭೂಷಣ ಬಾಡಿಗೆಗೆ ಕೊಡುವವರು. ಸಾವಿರ ಜನರ ಊಟಕ್ಕೆ ಬರುವ ಅಡುಗೆಯವರು. ಮನೆಯಲ್ಲಿ ಮಲಗಿದಲ್ಲೇ ಇರುವ ಹಿರಿಯರನ್ನು ನೋಡಿಕೊಳ್ಳುವವರು. ಇವೆಲ್ಲ ಬೇಕಾದಾಗ ತುರ್ತಾಗಿ ಬೇಕು. ತಪ್ಪು ಜನ ಬಂದರೆ ನಷ್ಟ ಜಾಸ್ತಿ. ಅಂಥ ಕಡೆ ಜನ ನಂಬಿಕೆಯ ಒಂದು ಪಟ್ಟಿಗಾಗಿ ನಿಜವಾಗಿಯೂ ಕಾಯುತ್ತಿರುತ್ತಾರೆ.

ಹಂಚಿನ ವಿಷಯವನ್ನೇ ನೋಡಿ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ನದಿ ದಡದಲ್ಲಿ ಸಾಲುಸಾಲಾಗಿ ಕಾರ್ಖಾನೆಗಳು ಬಂದವು. ಮಂಗಳೂರು ಹಂಚು ಹಡಗು ಹತ್ತಿ ಹೊರದೇಶಗಳಿಗೂ ಹೋಯಿತು. ಈಗ ಹೆಚ್ಚಿನ ಕಾರ್ಖಾನೆಗಳ ಚಿಮಣಿಯಲ್ಲಿ ಹೊಗೆ ಇಲ್ಲ. ಎಲ್ಲರೂ ತಾರಸಿ ಮನೆ ಕಟ್ಟುತ್ತಾರೆ. ಆದರೆ ಹಳೆಯ ಹಂಚಿನ ಮನೆಗಳು ಇನ್ನೂ ಇವೆ. ಮಳೆ ಹಿಡಿಯುವ ಮೊದಲು ಅವುಗಳ ಹಂಚು ಕೈಯಾಡಿಸಲೇಬೇಕು, ಅಂದರೆ ಒಡೆದದ್ದನ್ನು ಬದಲಿಸಿ ಸರಿಯಾಗಿ ಜೋಡಿಸಬೇಕು. ಕೆಲಸ ಗೊತ್ತಿರುವವರು ಕಡಿಮೆಯಾಗುತ್ತಿದ್ದಾರೆ. ಇನ್ನೊಂದು ಕಡೆ ಹೋಂಸ್ಟೇ ಕಟ್ಟುವವರಿಗೆ ಹಳೆ ಹಂಚೇ ಬೇಕು, ಹಳೆ ಮರವೇ ಬೇಕು. ಹುಡುಕುವವರು ಒಂದು ಕಡೆ, ಇರುವವರು ಇನ್ನೊಂದು ಕಡೆ. ನಡುವೆ ಒಂದು ಪಟ್ಟಿ ಬೇಕಿತ್ತು.

ನಾನು ಮೊದಲು ಜಾಲತಾಣ ಮಾಡಲಿಲ್ಲ. ನೋಟ್‌ಬುಕ್ಕಿನಲ್ಲಿದ್ದದ್ದನ್ನು ಮೊಬೈಲಿನ ಸ್ಪ್ರೆಡ್‌ಶೀಟಿಗೆ ಹಾಕಿದೆ. ಅದರ ಲಿಂಕನ್ನು ನೆಂಟರಿಗೆ, ನೆರೆಮನೆಯವರಿಗೆ ವಾಟ್ಸಾಪ್ ಮಾಡಿದೆ. ಪೀಟರ್ ಲೆವೆಲ್ಸ್ ಎಂಬ ನೆದರ್ಲೆಂಡ್ಸ್ ದೇಶದವರು 2014ರಲ್ಲಿ ಹೀಗೇ ಒಂದು ಶೀಟ್ ಇಟ್ಟಿದ್ದರು. ಊರೂರು ಸುತ್ತುತ್ತಾ ಲ್ಯಾಪ್‌ಟಾಪಿನಲ್ಲೇ ದುಡಿಯುವವರಿಗೆ ಯಾವ ಊರು ಒಳ್ಳೆಯದು ಎಂಬ ಪಟ್ಟಿ ಅದು. ಜನರೇ ಬಂದು ಅದನ್ನು ತುಂಬಿಸಿದರು. ಆಮೇಲೆ ಅದು ನೋಮಾಡ್ ಲಿಸ್ಟ್ ಎಂಬ ಜಾಲತಾಣವಾಗಿ, ಅವರಿಗೆ ಒಳ್ಳೆಯ ಸಂಪಾದನೆ ತಂದಿತು. ನನ್ನ ಶೀಟಿಗೆ ಅಷ್ಟು ಜನ ಬರಲಿಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ ಗುರುತು ಪರಿಚಯ ಇಲ್ಲದವರು "ಅಕ್ಕ, ನಿಮ್ಮ ಪಟ್ಟಿಯಲ್ಲಿ ಕಾರ್ಕಳದವರು ಯಾರೂ ಇಲ್ವಾ?" ಎಂದು ಕೇಳಲು ಶುರು ಮಾಡಿದರು. ಆಗ ನನಗೆ ಧೈರ್ಯ ಬಂತು. ಡೊಮೇನ್, ಅಂದರೆ ಜಾಲತಾಣದ ವಿಳಾಸದ ಹೆಸರು ತೆಗೆದುಕೊಂಡೆ, ಜಾಲತಾಣ ಮಾಡಲು ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಹಾಕಿಸಿದೆ. ಡೊಮೇನ್‌ಗೆ ವರ್ಷಕ್ಕೆ ಒಂದು ಸಾವಿರ ರೂಪಾಯಿಯ ಆಸುಪಾಸು, ಹೋಸ್ಟಿಂಗ್‌ಗೆ, ಅಂದರೆ ಜಾಲತಾಣ ಇಡುವ ಜಾಗಕ್ಕೆ, ಬೇರೆ. ಕೋಡಿಂಗ್ ನನಗೆ ಬರುವುದಿಲ್ಲ, ಬೇಕಾಗಲೂ ಇಲ್ಲ.

ಕಷ್ಟದ ಕೆಲಸ ಬೇರೆ ಇದೆ. ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ.

ಹೆಸರು, ನಂಬರು ಎಲ್ಲಾದರೂ ಸಿಗುತ್ತದೆ. ಸೋರುವ ಮಾಡಿನ ಕೆಳಗೆ ನಿಂತವರಿಗೆ ಅಷ್ಟು ಸಾಕಾಗುವುದಿಲ್ಲ. ಅವರು ಎಷ್ಟು ದೂರ ಬರುತ್ತಾರೆ? ಬರೀ ಹಂಚು ಕೈಯಾಡಿಸುತ್ತಾರಾ, ಪಕ್ಕಾಸೂ ಬದಲಿಸುತ್ತಾರಾ? ಉಪ್ಪರಿಗೆ ಮನೆಯ ಮಾಡು ಹತ್ತುತ್ತಾರಾ? ಸಂಬಳ ದಿನದ ಲೆಕ್ಕವೋ, ಚದರಡಿ ಲೆಕ್ಕವೋ? ಜೋರು ಮಳೆಯಲ್ಲಿ ಟಾರ್ಪಾಲು ಹಾಕಿಕೊಡಲಾದರೂ ಬರುತ್ತಾರಾ? ಇದನ್ನೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿಯೇ ಕೇಳಬೇಕು. ಅವರು ಸಿಗುವುದು ರಾತ್ರಿ ಏಳು ಗಂಟೆಯ ಮೇಲೆ. ಕೆಲವರ ಜೊತೆ ತುಳುವಿನಲ್ಲಿ ಮಾತಾಡಿದರೆ ಮಾತ್ರ ಮನಸ್ಸು ಬಿಚ್ಚುತ್ತಾರೆ. ನನ್ನ ಪಟ್ಟಿಯ ಪ್ರತಿ ಹೆಸರಿನ ಕೆಳಗೆ ಒಂದು ದಿನಾಂಕ ಇದೆ. ನಾನು ಅವರ ಜೊತೆ ಕೊನೆಯ ಸಲ ಮಾತಾಡಿದ ದಿನ ಅದು. ವರ್ಷಕ್ಕೆ ಎರಡು ಸಲ, ಮಾರ್ಚ್‌ನಿಂದ ಮೇ ಒಳಗೆ ಒಂದು ಸಲ, ದೀಪಾವಳಿ ಕಳೆದ ಮೇಲೆ ಒಂದು ಸಲ, ಎಲ್ಲರಿಗೂ ಫೋನ್ ಮಾಡುತ್ತೇನೆ. ಮೂರು ಸಲ ಮಾಡಿದರೂ ಸಿಗದವರ ಹೆಸರನ್ನು ತೆಗೆದಿಡುತ್ತೇನೆ. ಆ ಹೆಂಗಸಿನ ಮನೆಗೆ ಬರುತ್ತಿದ್ದಂಥ ಫೋನು ನನ್ನ ಪಟ್ಟಿಯಿಂದ ಯಾರ ಮನೆಗೂ ಹೋಗಬಾರದು ಎಂಬ ಹಟ ನನಗಿದೆ.

ಒಬ್ಬರು ನನಗೆ ಕರಾವಳಿಯ ಸಾವಿರಾರು ನಂಬರುಗಳ ಡೇಟಾವನ್ನು ಕಡಿಮೆ ದುಡ್ಡಿಗೆ ಕೊಡುತ್ತೇನೆ ಎಂದರು. ನಾನು ಬೇಡ ಎಂದೆ. ತೀರಿಕೊಂಡವರ ನಂಬರು ಅದರಲ್ಲಿ ಎಷ್ಟು ಇರಬಹುದು ಎಂಬ ಯೋಚನೆಯೇ ನನಗೆ ಸಾಕಾಗಿತ್ತು. ಕಾನೂನೂ ಇದೆ. 2023ರಲ್ಲಿ ನಮ್ಮ ದೇಶದಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು. ಜನರ ಒಪ್ಪಿಗೆಗೆ, ಕೊಟ್ಟ ಒಪ್ಪಿಗೆಯನ್ನು ಹಿಂದೆ ಪಡೆಯುವ ಹಕ್ಕಿಗೆ ಅದರಲ್ಲಿ ಬೆಲೆ ಇದೆ. ನಾನು ಕೇಳದೆ ಯಾರ ನಂಬರನ್ನೂ ಹಾಕುವುದಿಲ್ಲ. ತೆಗೆಯಿರಿ ಎಂದರೆ ಅದೇ ದಿನ ತೆಗೆಯುತ್ತೇನೆ.

ಇನ್ನೊಂದು ದಾರಿ ತಪ್ಪಿಸುವ ಉಪಾಯವಿದೆ. ಊರಿಗೊಂದರಂತೆ ನೂರಾರು ಪುಟ ಮಾಡುವುದು. ಹೆಜಮಾಡಿಯಲ್ಲಿ ಹಂಚಿನ ಕೆಲಸ, ಮುಲ್ಕಿಯಲ್ಲಿ ಹಂಚಿನ ಕೆಲಸ, ಹೀಗೆ ಹೆಸರು ಮಾತ್ರ ಬದಲಿಸಿ ಒಳಗೆ ಏನೂ ಇಲ್ಲದ ಪುಟಗಳು. ಈಗ ಯಂತ್ರದಿಂದ ಬರೆಸಿದರೆ ಒಂದೇ ದಿನದಲ್ಲಿ ಸಾವಿರ ಪುಟ ಆಗುತ್ತದೆ. ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ನಿಯಮ ಬಿಗಿ ಮಾಡಿತು. ಓದುವವರಿಗೆ ಉಪಯೋಗವಿಲ್ಲದ ಪುಟಗಳನ್ನು ರಾಶಿ ಹಾಕಿದರೆ, ಮನುಷ್ಯರು ಬರೆದಿರಲಿ, ಯಂತ್ರ ಬರೆದಿರಲಿ, ಅದನ್ನು ಸ್ಪ್ಯಾಮ್, ಅಂದರೆ ಕಸ, ಎಂದೇ ನೋಡುತ್ತದೆ. ನನ್ನಲ್ಲಿ ಒಂದು ಊರಿಗೆ ಪುಟ ಆಗುವುದು ಅಲ್ಲಿ ಕಡಿಮೆಯೆಂದರೆ ಮೂವರು ಸಿಕ್ಕಿದ ಮೇಲೆ. ಜನ ಹುಡುಕುವ ಮಾತುಗಳನ್ನೂ ಗಮನಿಸಬೇಕು. ಕೆಲವರು ಮಾಡು ಎನ್ನುತ್ತಾರೆ, ಕೆಲವರು ಛಾವಣಿ ಎನ್ನುತ್ತಾರೆ, ಹಂಚಿಗೆ ತುಳುವಿನವರು ಓಡು ಎನ್ನುತ್ತಾರೆ. ಮೂರೂ ಮಾತು ನನ್ನ ಪುಟಗಳಲ್ಲಿ ಇವೆ.

ಇನ್ನು ದುಡ್ಡಿನ ವಿಷಯ.

ಮೊದಲ 8 ತಿಂಗಳು ಒಂದು ರೂಪಾಯಿಯೂ ಬರಲಿಲ್ಲ. ಜಾಹೀರಾತು ಹಾಕಿದರೆ ಬರುತ್ತದೆ ಎಂದು ಎಲ್ಲರೂ ಹೇಳಿದರು. ಜಾಲತಾಣದಲ್ಲಿ ಜಾಹೀರಾತು ತೋರಿಸಿದ್ದಕ್ಕೆ ದುಡ್ಡು ಕೊಡುವ ಗೂಗಲ್‌ನ ಆಡ್‌ಸೆನ್ಸ್ 2003ರಿಂದ ಇದೆ. ಅದರಲ್ಲಿ 100 ಡಾಲರ್ ಸೇರಿದ ಮೇಲೆಯೇ ದುಡ್ಡು ಕೈಗೆ ಬರುವುದು. ಲಕ್ಷಗಟ್ಟಲೆ ಜನ ಬರುವ ಜಾಲತಾಣಕ್ಕೆ ಅದು ಸರಿ. ನನ್ನಲ್ಲಿಗೆ ಬರುವವರು ಕಡಿಮೆ, ಆದರೆ ಬರುವ ಪ್ರತಿಯೊಬ್ಬರಿಗೂ ನಿಜವಾಗಿ ಕೆಲಸ ಆಗಬೇಕಾಗಿರುತ್ತದೆ. ಅದಕ್ಕೆ ಬೇರೆ ದಾರಿ ಬೇಕಿತ್ತು.

ಮಾಡು ಹತ್ತಿ ದಿನಗೂಲಿಗೆ ದುಡಿಯುವವರಿಂದ ದುಡ್ಡು ತೆಗೆದುಕೊಳ್ಳಲು ನನಗೆ ಮನಸ್ಸು ಒಪ್ಪಲಿಲ್ಲ. ಅವರೇ ಇಲ್ಲದಿದ್ದರೆ ಪಟ್ಟಿಯೇ ಇಲ್ಲ. ಹುಡುಕಿ ಬರುವವರೂ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಹಾಗಾದರೆ ಕೊಡುವವರು ಯಾರು? ಒಬ್ಬ ಗಿರಾಕಿ ಸಿಕ್ಕಿದರೆ ದೊಡ್ಡ ವ್ಯಾಪಾರ ಆಗುವವರು. ಹಳೆ ಮನೆ ಕಳಚಿ ಮರ, ಹಂಚು ಮಾರುವವರು. ಕಬ್ಬಿಣದ ಚೌಕಟ್ಟು ಮಾಡಿ ಅದರ ಮೇಲೆ ಹಂಚು ಹೊದೆಸಿಕೊಡುವ ಫ್ಯಾಬ್ರಿಕೇಶನ್‌ನವರು. ಗೆದ್ದಲಿಗೆ ಮದ್ದು ಹೊಡೆಯುವವರು. ಮೊದಲು ಕೊಟ್ಟವರು ಹಳೆ ಮರದ ವ್ಯಾಪಾರಿ ಒಬ್ಬರು. ನನ್ನ ಪಟ್ಟಿ ನೋಡಿ ಬಂದವರು ಅವರ ಹತ್ತಿರ ಒಂದು ಇಡೀ ಹೋಂಸ್ಟೇಗೆ ಆಗುವಷ್ಟು ಹಂಚು ಕೊಂಡುಹೋಗಿದ್ದರಂತೆ. ಅವರೇ ಫೋನ್ ಮಾಡಿ, "ನಮ್ಮ ಅಂಗಡಿಯ ಫೋಟೋ ಹಾಕಿ ಅಕ್ಕ, ಎಷ್ಟು ಕೊಡಬೇಕು?" ಎಂದರು. ವರ್ಷಕ್ಕೆ 1,500 ರೂಪಾಯಿ ಎಂದೆ. ಯುಪಿಐಯಲ್ಲಿ ಕೂಡಲೇ ಬಂತು. ಆ ಮೆಸೇಜನ್ನು ಅಮ್ಮನಿಗೆ ಕಳಿಸಿದೆ.

ದುಡ್ಡು ಕೊಟ್ಟವರ ಹೆಸರಿನ ಪಕ್ಕದಲ್ಲಿ ಜಾಹೀರಾತು ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದಿದೆ. ಅವರ ಜಾಗ ಪುಟದ ಬದಿಯಲ್ಲಿ. ಕೆಲಸದವರ ಪಟ್ಟಿಯಲ್ಲಿ ಯಾರನ್ನೂ ದುಡ್ಡಿಗೆ ಮೇಲೆ ತರುವುದಿಲ್ಲ. ಒಬ್ಬರು ಇದಕ್ಕೆ ಬೇಸರ ಮಾಡಿಕೊಂಡು ಬಿಟ್ಟುಹೋದರು. ಉಳಿದವರು ಇದ್ದಾರೆ. ಹೆಚ್ಚಿನವರು ಮರುವರ್ಷವೂ ಮುಂದುವರಿಸಿದ್ದಾರೆ.

ಈಗ ಬರುವ ಆದಾಯದಲ್ಲಿ ಅಮ್ಮನ ಮದ್ದಿನ ಖರ್ಚು, ಮನೆಯ ಕರೆಂಟು ಬಿಲ್ಲು ಕಳೆದು ಸ್ವಲ್ಪ ಉಳಿಯುತ್ತದೆ. ಎಲ್ಲ ತಿಂಗಳೂ ಒಂದೇ ಥರ ಇಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ಫೋನ್ ಬಿಡುವುದೇ ಇಲ್ಲ, ಆಗಸ್ಟ್‌ನಲ್ಲಿ ಎಲ್ಲ ತಣ್ಣಗೆ. ನಾನು ಕೆಲಸ ಬಿಟ್ಟಿಲ್ಲ. ಹಗಲು ಆಫೀಸಿನ ಲೆಕ್ಕಪತ್ರ, ರಾತ್ರಿ ಇದು. ತಿಂಗಳಿಗೆ ಲಕ್ಷ ದುಡಿಯಬಹುದು, ಮಲಗಿದ್ದಾಗಲೂ ದುಡ್ಡು ಬರುತ್ತದೆ ಎಂದು ಹೇಳಿ ಕೋರ್ಸ್ ಮಾರುವವರ ಮಾತು ಕೇಳಿ ಸಾಲ ಮಾಡಬೇಡಿ. ದಯವಿಟ್ಟು ಮಾಡಬೇಡಿ. ಇದರಲ್ಲಿ ಕಲಿಯಬೇಕಾದ್ದನ್ನು ಮೊದಲ 20 ಫೋನ್ ಕರೆಗಳೇ ಕಲಿಸಿಕೊಡುತ್ತವೆ.

ಬಂದ ಆದಾಯವನ್ನು ಆದಾಯ ತೆರಿಗೆಯ ರಿಟರ್ನ್‌ನಲ್ಲಿ ತೋರಿಸಬೇಕು. ಇಂಥ ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ನನ್ನದು ಅದರ ಹತ್ತಿರಕ್ಕೂ ಇಲ್ಲ. ಆದರೂ ಬಂದದ್ದು, ಹೋದದ್ದು ಎಲ್ಲವನ್ನೂ ಮೊದಲ ದಿನದಿಂದ ಬರೆದಿಟ್ಟಿದ್ದೇನೆ.

ಕಳೆದ ವರ್ಷ ಆ ಹೆಂಗಸಿಗೆ ಮತ್ತೆ ಫೋನ್ ಮಾಡಿದೆ. ಆ ಹಳೆಯ ಪಟ್ಟಿಯಲ್ಲಿ ಅವರ ಯಜಮಾನರ ಹೆಸರು ಇನ್ನೂ ಇತ್ತು. ಆದರೆ ಫೋನ್ ಬರುವುದು ಸ್ವಲ್ಪ ಕಡಿಮೆ ಆಗಿದೆ ಎಂದರು. "ಈಗ ಯಾರಾದರೂ ಮಾಡಿದರೆ ನಿಮ್ಮ ಪಟ್ಟಿಯ ಹೆಸರು ಹೇಳ್ತೇನೆ ಮಗಾ" ಎಂದರು. ಅವರ ಯಜಮಾನರ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರ ನಂಬರನ್ನೂ ಕೊಟ್ಟರು. ಆ ಇಬ್ಬರಿಗೂ ಫೋನ್ ಮಾಡಿ, ಒಪ್ಪಿಗೆ ಕೇಳಿ, ಪಟ್ಟಿಗೆ ಸೇರಿಸಿದ್ದೇನೆ.

ಈ ಸಲದ ಫೋನ್ ಕರೆಗಳು ಇನ್ನೂ 23 ಬಾಕಿ ಇವೆ. ಮಳೆ ಹಿಡಿಯುವ ಮೊದಲು ಮುಗಿಸಬೇಕು. ನಿಮ್ಮ ಊರಿನಲ್ಲಿ ಹಂಚಿನ ಕೆಲಸ ಗೊತ್ತಿರುವವರು ಇದ್ದರೆ, ಅವರನ್ನು ಕೇಳಿ, ಅವರು ಹೂಂ ಅಂದ ಮೇಲೆ ನನಗೆ ತಿಳಿಸಿ.

ನಮಸ್ಕಾರ.