ಕಾರ್ಟ್ ಯಾಕೆ ಖಾಲಿಯಾಯಿತು?

ಕೇಳುಗರಿಗೆ ನಮಸ್ಕಾರ.

ಬೀದರಿನ ಒಂದು ಅಂಗಡಿ ಬಿದ್ರಿ ಸಾಮಾನನ್ನು ಆನ್‌ಲೈನಿನಲ್ಲೂ ಮಾರುತ್ತದೆ ಅಂದುಕೊಳ್ಳಿ. ಕಲಬುರಗಿಯ ಒಬ್ಬ ಟೀಚರು ರಾತ್ರಿ ಊಟ ಆದಮೇಲೆ ಫೋನಿನಲ್ಲಿ ಒಂದು ಹೂದಾನಿ ನೋಡುತ್ತಾರೆ. ತಂಗಿಯ ಮದುವೆಗೆ ಕೊಡೋಣ ಅಂತ ಕಾರ್ಟಿಗೆ ಹಾಕುತ್ತಾರೆ. ಆದರೆ ಬಿದ್ರಿ ಅಂದರೆ ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿದ ಲೋಹ, ಅದರ ಮೇಲೆ ಎಳೆ ಎಳೆಯಾಗಿ ಬೆಳ್ಳಿ ಕೆಲಸ. ಅದು ಅಂಗೈಯಗಲದ ಪರದೆಯಲ್ಲಿ ಎಲ್ಲಿ ಕಾಣಬೇಕು? ನಾಳೆ ಶಾಲೆಯ ಕಂಪ್ಯೂಟರಿನಲ್ಲಿ ದೊಡ್ಡದಾಗಿ ನೋಡೋಣ ಅಂತ ಬಿಡುತ್ತಾರೆ. ಮರುದಿನ ತೆರೆದರೆ ಕಾರ್ಟ್ ಖಾಲಿ! ಮತ್ತೆ ಹುಡುಕುವಷ್ಟರಲ್ಲಿ ಮುಂದಿನ ಪೀರಿಯಡ್ಡಿನ ಬೆಲ್. ವ್ಯಾಪಾರ ಕೈತಪ್ಪಿತು.

ಆ ವೆಬ್‌ಸೈಟು ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು, ಕಂಪ್ಯೂಟರಿನಲ್ಲೂ ಚೆನ್ನಾಗಿತ್ತು. ಪರದೆಯ ಅಳತೆಗೆ ತಕ್ಕಂತೆ ಪುಟ ಹೊಂದಿಕೊಳ್ಳುವ ಈ ವಿನ್ಯಾಸಕ್ಕೆ ಈಥನ್ ಮಾರ್ಕಾಟ್ ಅನ್ನುವ ವೆಬ್ ವಿನ್ಯಾಸಕರು 2010ರಲ್ಲಿ 'ರೆಸ್ಪಾನ್ಸಿವ್' ಅಂತ ಹೆಸರು ಕೊಟ್ಟರು. ಈಗ ಅದನ್ನು ಎಲ್ಲರೂ ಮಾಡುತ್ತಾರೆ. ಆದರೆ ಪುಟ ಹಿಗ್ಗಿ ಕುಗ್ಗುವುದು ಬೇರೆ, ಶುರು ಮಾಡಿದ ಕೆಲಸ ಮುಂದುವರಿಯುವುದು ಬೇರೆ. ಇಲ್ಲಿ ಕಾರ್ಟಿನ ಲೆಕ್ಕ ಆ ಫೋನಿನ ಬ್ರೌಸರಿನಲ್ಲೇ ಉಳಿದುಬಿಟ್ಟಿತ್ತು. ಅದನ್ನು ಗ್ರಾಹಕರ ಖಾತೆಯ ಜೊತೆ ಸರ್ವರಿನಲ್ಲಿ, ಅಂದರೆ ವೆಬ್‌ಸೈಟನ್ನು ನಡೆಸುವ ಕಂಪ್ಯೂಟರಿನಲ್ಲಿ, ಇಟ್ಟಿದ್ದರೆ ಕಂಪ್ಯೂಟರಿನಲ್ಲೂ ಸಿಗುತ್ತಿತ್ತು.

ಹಾಗಂತ ಬಂದವರಿಗೆಲ್ಲ ಬಾಗಿಲಲ್ಲೇ 'ಲಾಗಿನ್ ಆಗಿ' ಅಂದರೆ, ಸುಮ್ನೆ ನೋಡಲು ಬಂದವರು ಹಾಗೇ ವಾಪಸ್ ಹೋಗುತ್ತಾರೆ. ಕಾರ್ಟಿನ ಲಿಂಕನ್ನು ತಮ್ಮ ವಾಟ್ಸಾಪಿಗೇ ಕಳಿಸಿಕೊಳ್ಳುವ ಒಂದು ಬಟನ್ ಇಟ್ಟರೂ ಎಷ್ಟೋ ಸಾಕು. ಫೋಟೊ, ಬಿಲ್ಲು, ವಿಳಾಸ ಎಲ್ಲವನ್ನೂ ನಾವು ಹಾಗೇ ತಾನೇ ಉಳಿಸಿಕೊಳ್ಳೋದು?

ದುಡ್ಡು ಕಟ್ಟುವಾಗ ಇನ್ನೊಂದು ತಮಾಷೆ. ಕಂಪ್ಯೂಟರಿನಲ್ಲಿ ಕ್ಯೂಆರ್ ಕೋಡ್ ಬಂದರೆ ಫೋನಿನಿಂದ ಸ್ಕ್ಯಾನ್ ಮಾಡಬಹುದು. ಫೋನಿನಲ್ಲೇ ಆರ್ಡರ್ ಮಾಡುವವರಿಗೂ ಅದೇ ಕೋಡ್ ತೋರಿಸಿದರೆ? ಕೈಯಲ್ಲಿರೋ ಫೋನನ್ನು ಅದೇ ಫೋನಿನಿಂದ ಸ್ಕ್ಯಾನ್ ಮಾಡೋದು ಹೇಗೆ? ಅಲ್ಲಿ ಯುಪಿಐ ಆ್ಯಪನ್ನು ನೇರವಾಗಿ ತೆರೆಯುವ ಬಟನ್ ಬೇಕು. 2016ರಲ್ಲಿ ಯುಪಿಐ ಬಂದಾಗಿನಿಂದ ಅದು ಸಿಮ್ಮಿಗೂ ಆ ಫೋನಿಗೂ ಅಂಟಿಕೊಂಡೇ ಇದೆ. ಹಾಗಾಗಿ ಯುಪಿಐನಲ್ಲಿ ದುಡ್ಡು ಕಟ್ಟುವುದಾದರೆ, ಕಂಪ್ಯೂಟರಿನಲ್ಲಿ ಶುರುವಾದ ಆರ್ಡರೂ ಕೊನೆಗೆ ಫೋನಿಗೆ ಬರಲೇಬೇಕು.

ನಮ್ಮ ಕಡೆ ಸಾಧನ ಬದಲಾದಾಗ ಎಷ್ಟೋ ಸಲ ಕೈಯೂ ಬದಲಾಗುತ್ತದೆ. ಇದನ್ನು ವಿನ್ಯಾಸ ಮಾಡುವವರು ಜಾಸ್ತಿ ಯೋಚಿಸುವುದಿಲ್ಲ ಅಂತ ನನಗೆ ಅನಿಸುತ್ತದೆ. ಆಳಂದ ಕಡೆಯ ಹಳ್ಳಿಯಲ್ಲಿ ಅಪ್ಪ ಕುಳಿತು ಫಾರಂ ತುಂಬಿಸುತ್ತಾರೆ. ಓಟಿಪಿ ಹೋಗೋದು ಪುಣೆಯಲ್ಲಿ ದುಡಿಯುವ ಮಗನ ನಂಬರಿಗೆ. ಮಗ ಡ್ಯೂಟಿಯಲ್ಲಿದ್ದಾನೆ, ಫೋನ್ ಎತ್ತುವುದಿಲ್ಲ. ಅಷ್ಟರಲ್ಲಿ ಓಟಿಪಿ ಅವಧಿ ಮುಗಿಯುತ್ತದೆ. ಅದು ಸರಿಯೇ, ಭದ್ರತೆಗೆ ಹಾಗೆ ಇರಬೇಕು. ಆದರೆ ಅದರ ಜೊತೆಗೆ ತುಂಬಿದ ಫಾರಮ್ಮೂ ಅಳಿಸಿ ಹೋಗೋದು ಯಾವ ನ್ಯಾಯ? ಹೆಸರು, ಊರು, ಪಿನ್‌ಕೋಡು ಹಾಗೇ ಉಳಿದು, ಓಟಿಪಿ ಮಾತ್ರ ಹೊಸದಾಗಿ ಕೇಳಿದರೆ ಆಯಿತು. ನಡುವೆ ನೆಟ್‌ವರ್ಕ್ ಹೋಗಿ ಬಂದರೂ ಅಷ್ಟೇ.

ಭಾಷೆಯೂ ಜೊತೆಗೆ ಬರಬೇಕು. ಫೋನಿನಲ್ಲಿ ಕನ್ನಡ ಆರಿಸಿಕೊಂಡವರಿಗೆ ಕಂಪ್ಯೂಟರಿನಲ್ಲಿ ಮತ್ತೆ ಇಂಗ್ಲಿಷ್ ಯಾಕೆ? ಇನ್ನು, 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ರಸೀದಿ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದನ್ನು ನೀವೂ ನೋಡಿರುತ್ತೀರಿ. ಯೂನಿಕೋಡಿನಲ್ಲಿ, ಅಂದರೆ ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ, ಕನ್ನಡ 1991ರಿಂದಲೇ ಇದೆ. ಅದರಲ್ಲಿ ಟೈಪ್ ಮಾಡಿದ್ದರೆ ಈ ಗೋಳು ಇರುತ್ತಿರಲಿಲ್ಲ.

ಎಲ್ಲವನ್ನೂ ನೆನಪಿಡುವುದೂ ಬೇಡ. ಶಾಲೆಯ ಆ ಕಂಪ್ಯೂಟರಿನಲ್ಲಿ ಟೀಚರ ಮನೆ ವಿಳಾಸ, ಫೋನ್ ನಂಬರ್ ಆಮೇಲೆ ಅದರ ಮುಂದೆ ಕೂತವರಿಗೆಲ್ಲ ಕಾಣಬಾರದು, ಅಲ್ವಾ? 'ಈ ಕಂಪ್ಯೂಟರ್ ನಿಮ್ಮದೇನಾ?' ಅಂತ ಒಂದು ಮಾತು ಕೇಳಲಿ. ಅಲ್ಲ ಅಂದರೆ ಕೆಲಸ ಮುಗಿದ ಕೂಡಲೇ ತಾನಾಗಿ ಲಾಗೌಟ್ ಆಗಲಿ.

ನಿಮ್ಮ ಅಂಗಡಿಗೆ ಯಾರಾದರೂ ವೆಬ್‌ಸೈಟ್ ಮಾಡಿಕೊಡುತ್ತಿದ್ದರೆ, ಕೊನೆಯ ಕಂತು ಕೊಡುವ ಮೊದಲು ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಫೋನಿನಲ್ಲಿ ಒಂದು ಆರ್ಡರ್ ಶುರು ಮಾಡಿ, ನಡುವೆ ಇಂಟರ್ನೆಟ್ ಆಫ್ ಮಾಡಿ, ಆಮೇಲೆ ಬೇರೆ ಕಂಪ್ಯೂಟರಿನಲ್ಲಿ ತೆರೆಯಿರಿ. ಬಿಟ್ಟಲ್ಲಿಂದಲೇ ಶುರುವಾದರೆ ದುಡ್ಡು ಕೊಡಿ. ನಮಸ್ಕಾರ.