ಸಾಮೆ ಅಕ್ಕಿ ಊರಲ್ಲೇ ಆಗಲಿ

ಕೇಳುಗರೆ, ನಮಸ್ಕಾರ.

2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಬರ ಬಂದಾಗಲೆಲ್ಲ ಬಯಲುಸೀಮೆಯ ರೈತರು ಕೇಳುವ ಸಲಹೆ ಒಂದೇ: ಸಿರಿಧಾನ್ಯ ಬಿತ್ತಿ. ಸಲಹೆ ಸರಿಯಾದದ್ದೇ. ಸಾಮೆ, ನವಣೆ, ಕೊರಲೆ ಮೂರು ತಿಂಗಳ ಆಸುಪಾಸಿನಲ್ಲಿ ಕೊಯ್ಲಿಗೆ ಬರುತ್ತವೆ. ಮಳೆ ತಡವಾಗಿ ಜುಲೈ ಕೊನೆಗೆ ಹದ ಸಿಕ್ಕರೂ ಬಿತ್ತಬಹುದು. ಸಾಲು ಬಿತ್ತನೆಗೆ ಎಕರೆಗೆ ಮೂರು ನಾಲ್ಕು ಕಿಲೋ ಬೀಜ ಸಾಕು.

ತೊಡಕು ಶುರುವಾಗುವುದು ರಾಶಿಯಾದ ಮೇಲೆ. ರಾಗಿಯನ್ನು ನೇರ ಬೀಸಿಸಿಕೊಳ್ಳಬಹುದು. ಸಾಮೆ, ನವಣೆಗೆ ಗಟ್ಟಿ ಸಿಪ್ಪೆ. ಅದನ್ನು ಸುಲಿದು ಅಕ್ಕಿ ಮಾಡದೆ ಉಣ್ಣಲಾಗದು. ಹಿಂದೆ ಒನಕೆ ಹಿಡಿದ ಹೆಂಗಸರ ರಟ್ಟೆ ಇದಕ್ಕೇ ಸೋಲುತ್ತಿತ್ತು. ಈ ಬೆಳೆಗಳು ಹೊಲ ಬಿಟ್ಟು ಹೋಗಿದ್ದಕ್ಕೆ ಅದೂ ಒಂದು ಕಾರಣ. ಈಗ ಎಷ್ಟೋ ಊರುಗಳ ಧಾನ್ಯ ಲಾರಿಯೇರಿ ದೂರದ ಗಿರಣಿಗೆ ಹೋಗುತ್ತದೆ, ಅಕ್ಕಿಯಾಗಿ ಪೊಟ್ಟಣ ಸೇರಿ ನಮ್ಮದೇ ಅಂಗಡಿಗೆ ಮರಳುತ್ತದೆ. ಸುಲಿಯುವ ಕೂಲಿ, ದನಕ್ಕೆ ಆಗಬೇಕಿದ್ದ ತೌಡು, ನಡುವಿನ ಲಾಭ ಎಲ್ಲವೂ ಹೊರಗೇ ಉಳಿಯುತ್ತವೆ. ಇವು ಊರಲ್ಲೇ ಉಳಿಯಬೇಕಾದರೆ ಹತ್ತಾರು ಹಳ್ಳಿಗಳಿಗೆ ಒಂದು ಸಣ್ಣ ಗಿರಣಿ ಬೇಕು.

ಮೊದಲು ಅಳತೆಯ ಲೆಕ್ಕ ಹಾಕೋಣ. ಗಂಟೆಗೆ ಇನ್ನೂರು ಕಿಲೋ ಸುಲಿಯುವ ಯಂತ್ರ ದಿನಕ್ಕೆ ಆರು ಗಂಟೆ ಓಡಿದರೆ 12 ಕ್ವಿಂಟಲ್. ವರ್ಷಕ್ಕೆ 250 ದಿನ ಓಡಬೇಕಾದರೆ 3,000 ಕ್ವಿಂಟಲ್ ಧಾನ್ಯ ಬೇಕು. ಎಕರೆಗೆ ನಾಲ್ಕು ಕ್ವಿಂಟಲ್ ಇಳುವರಿ ಹಿಡಿದರೂ ಅದು 750 ಎಕರೆಯ ಫಸಲು. ಈ ಲೆಕ್ಕ ಹಾಕದೆ ದೊಡ್ಡ ಯಂತ್ರ ತಂದವರು ಎರಡು ತಿಂಗಳು ಓಡಿಸಿ, ಉಳಿದ ಹತ್ತು ತಿಂಗಳು ಬರೀ ಸಾಲದ ಕಂತು ಕಟ್ಟಬೇಕಾಗುತ್ತದೆ. ಯಂತ್ರದ ಬೆಲೆ ವಿಚಾರಿಸುವ ಮೊದಲೇ ಯಾರು ಎಷ್ಟು ಎಕರೆ ಬಿತ್ತುತ್ತಾರೆ ಎಂದು ಬರೆದಿಟ್ಟುಕೊಳ್ಳಿ.

ಗಿರಣಿಯೆಂದರೆ ಒಂದೇ ಯಂತ್ರವಲ್ಲ. ಜರಡಿ ಮತ್ತು ಗಾಳಿಯಿಂದ ಕಸ, ಜೊಳ್ಳು ತೆಗೆಯುವುದು ಮೊದಲು. ಆಮೇಲೆ ಕಲ್ಲು ತೆಗೆಯುವ ಯಂತ್ರ. ಅದರ ನಂತರ ಸಿಪ್ಪೆ ಸುಲಿಯುವುದು. ಕೊನೆಗೆ ಹೊಟ್ಟು ತೂರಿ, ನುಚ್ಚು ಮತ್ತು ಸುಲಿಯದ ಕಾಳನ್ನು ಬೇರ್ಪಡಿಸುವುದು. ಸುಲಿಯದೆ ಉಳಿದ ಕಾಳನ್ನು ಮತ್ತೆ ಯಂತ್ರಕ್ಕೆ ಹಾಕಬೇಕು. ಸಾಮೆಗೆ ಹಾಕಿದ ಜರಡಿ ನವಣೆಗೆ ಆಗದು, ಧಾನ್ಯ ಬದಲಾದಂತೆ ಜರಡಿಯೂ ಬದಲಾಗಬೇಕು. ನೂರು ಕಿಲೋ ಸಾಮೆಗೆ ಸುಮಾರು ಅರವತ್ತು ಕಿಲೋ ಅಕ್ಕಿ ಬಂದರೆ ಕೆಲಸ ಚೆನ್ನಾಗಿ ನಡೆದಿದೆ ಎಂದರ್ಥ.

ಕಡಿಮೆ ಬಂದರೆ ಮೊದಲು ತೇವಾಂಶ ನೋಡಿ. ಅದು ಶೇ. 10ರಿಂದ 12ರೊಳಗೆ ಇರಬೇಕು. ಹಸಿಯಿದ್ದರೆ ಸಿಪ್ಪೆ ಬಿರಿಯುವುದಿಲ್ಲ, ತೀರಾ ಒಣಗಿದ್ದರೆ ಕಾಳು ನುಚ್ಚಾಗುತ್ತದೆ. ಎರಡನೆಯದು ಕರೆಂಟು. ಕಾಳನ್ನು ತಿರುಗುವ ಚಕ್ರದಿಂದ ತನ್ನ ಒಳಗೋಡೆಗೆ ಎಸೆದು ಸುಲಿಯುವ ಯಂತ್ರದಲ್ಲಿ ವೇಗವೇ ಎಲ್ಲ. ವೋಲ್ಟೇಜ್ ಇಳಿದರೆ ಚಕ್ರ ನಿಧಾನವಾಗಿ ಸುಲಿಯದ ಕಾಳು ಹೆಚ್ಚುತ್ತದೆ. ವೇಗ ಮಿತಿಮೀರಿದರೆ ನುಚ್ಚು ಹೆಚ್ಚುತ್ತದೆ. ಪಂಪ್‌ಸೆಟ್ ಲೈನನ್ನೇ ನಂಬಿ ಗಿರಣಿ ಕಟ್ಟಬೇಡಿ. ಮೂರನೆಯದು ಕಲ್ಲು. ಡಾಂಬರು ರಸ್ತೆಯ ಮೇಲೆ ಒಕ್ಕಣೆ ಮಾಡಿದ ಧಾನ್ಯದಲ್ಲಿ ಕಾಳಿನಷ್ಟೇ ಸಣ್ಣ ಕಲ್ಲು ಸೇರಿರುತ್ತದೆ. ಅದನ್ನು ಯಂತ್ರ ಪೂರ್ತಿ ಹೆಕ್ಕಲಾರದು. ಟಾರ್ಪಾಲಿನ ಮೇಲೆ ಒಕ್ಕಿದವರಿಗೆ ಕ್ವಿಂಟಲಿಗೆ ಒಂದಿಷ್ಟು ಹೆಚ್ಚು ಬೆಲೆ ಕೊಡುವುದು ನ್ಯಾಯ, ಗಿರಣಿಗೂ ಅದೇ ಲಾಭ.

ಇನ್ನೊಂದು ಸಿರಿಧಾನ್ಯವಾದ ಹಾರಕದ ವಿಷಯದಲ್ಲಿ ಮಾತ್ರ ಇನ್ನಷ್ಟು ಎಚ್ಚರ ಬೇಕು. ಕೊಯ್ಲಿನ ಹೊತ್ತಿಗೆ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಹಾರಕ ತಿಂದರೆ ತಲೆ ಸುತ್ತಿ ಅಮಲೇರುತ್ತದೆ, ಜಾನುವಾರುಗಳಿಗೂ ಅಪಾಯ. ಅಕಾಲ ಮಳೆ ಹೆಚ್ಚುತ್ತಿರುವ ಈ ಕಾಲದಲ್ಲಿ ಅಂಥ ಮಾಲನ್ನು ಅಗ್ಗಕ್ಕೆ ಸಿಕ್ಕರೂ ಗಿರಣಿಯೊಳಗೆ ಬಿಡಬಾರದು.

ಹೊಸಬರು ಹೆಚ್ಚಾಗಿ ಎಡವುವುದು ದಾಸ್ತಾನಿನಲ್ಲಿ. ಸಿಪ್ಪೆ ಇರುವವರೆಗೆ ಸಾಮೆ ವರ್ಷಗಟ್ಟಲೆ ಕೆಡುವುದಿಲ್ಲ. ಸುಲಿದ ಕೂಡಲೇ ತೌಡಿನ ಎಣ್ಣೆಯಂಶಕ್ಕೆ ಗಾಳಿ ತಾಗಿ, ಎರಡು ಮೂರು ತಿಂಗಳಲ್ಲಿ ಮುಗ್ಗಲು ವಾಸನೆ ಶುರುವಾಗುತ್ತದೆ. ಹುಳವೂ ಬೀಳುತ್ತದೆ. ಸುಗ್ಗಿಯಲ್ಲಿ ಎಲ್ಲವನ್ನೂ ಅಕ್ಕಿ ಮಾಡಿ ಪೇರಿಸಿಟ್ಟರೆ ಯುಗಾದಿಯ ಹೊತ್ತಿಗೆ ಗಿರಾಕಿ ವಾಪಸು ತಂದುಕೊಡುತ್ತಾರೆ. ಸಿಪ್ಪೆ ಸಮೇತ ಕೂಡಿಡಿ, ಬೇಡಿಕೆ ಬಂದಷ್ಟೇ ಸುಲಿಯಿರಿ. ಚೀಲಗಳು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರದಲ್ಲಿರಲಿ. ಈ ಕಣಜವೇ ಮುಂದಿನ ಬರಕ್ಕೆ ಊರಿನ ಆಸರೆ.

ಆದರೆ ಧಾನ್ಯ ಕೂಡಿಡಲು ದುಡ್ಡು ಬೇಕು. ಸುಗ್ಗಿಯಲ್ಲಿ ಸಾಲ ತೀರಿಸುವ ಒತ್ತಡ ಇರುವುದರಿಂದಲೇ ರೈತರು ದಲ್ಲಾಳಿ ಹೇಳಿದ ದರಕ್ಕೆ ಕೊಡುತ್ತಾರೆ. ಮಾಲು ತಂದ ದಿನವೇ ಮುಕ್ಕಾಲು ಪಾಲು ಹಣ ಕೊಡುವ ಶಕ್ತಿ ಗಿರಣಿ ನಡೆಸುವ ರೈತರ ಕೂಟಕ್ಕೆ, ಅಂದರೆ ರೈತ ಉತ್ಪಾದಕ ಸಂಸ್ಥೆಗೆ ಇರಲೇಬೇಕು. ಯಂತ್ರಕ್ಕೆ ಕಿರು ಆಹಾರ ಸಂಸ್ಕರಣಾ ಯೋಜನೆಯಡಿ ಬ್ಯಾಂಕ್ ಸಾಲದೊಂದಿಗೆ ಸಹಾಯಧನ ಸಿಗುವುದುಂಟು. ಆದರೆ ಧಾನ್ಯ ಕೊಳ್ಳುವ ದುಡಿಯುವ ಬಂಡವಾಳವನ್ನು ಪ್ರತ್ಯೇಕವಾಗಿ ಹೊಂದಿಸಬೇಕು. ಗಿರಣಿಗಳು ಬೀಗ ಹಾಕುವುದು ಬಹುಮಟ್ಟಿಗೆ ಇದನ್ನು ಮರೆತಾಗಲೇ.

ಇನ್ನು ಬೀಜ. 750 ಎಕರೆಗೆ ಎಕರೆಗೆ ನಾಲ್ಕು ಕಿಲೋದಂತೆ 30 ಕ್ವಿಂಟಲ್, ಅಂದರೆ 50 ಕಿಲೋದ 60 ಚೀಲ. ಇವನ್ನು ಗಿರಣಿಯ ರಾಶಿಗೆ ಬೆರೆಸದೆ, ತಳಿಯ ಹೆಸರು, ಕೊಯ್ಲಿನ ತಿಂಗಳು ಬರೆದು ಬೇರೆ ಕೋಣೆಯಲ್ಲಿಡಿ. ಮೊದಲ ಬಿತ್ತನೆ ಒಣಗಿಹೋದ ವರ್ಷ ಎರಡನೇ ಬಿತ್ತನೆಗೂ ಬೀಜ ಬೇಕಾಗುವುದರಿಂದ ಇನ್ನೂ 30 ಚೀಲ ಹೆಚ್ಚಿಗೆ ಎತ್ತಿಟ್ಟಿರಿ.

ನಮಸ್ಕಾರ.